ಹೇಳದೆ ಬಿಟ್ಟ ಲೆಕ್ಕ

ನಮ್ಮ ಕಡೆ ಕಾಲುವೆಗೆ ನೀರು ಬರುವುದಕ್ಕಿಂತ ಮೊದಲು ನೋಟಿಸು ಬಂತು. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರಿ ಹೊಲಗಳನ್ನು ಸೀಳಿಕೊಂಡು ಜೇವರ್ಗಿಯ ಕಡೆ ನಡೆಯಿತು. ಮುಖ್ಯ ಕಾಲುವೆ, ಶಾಖಾ ಕಾಲುವೆ, ಅದರ ಹೊಟ್ಟೆಯಿಂದ ಡಿಸ್ಟ್ರಿಬ್ಯೂಟರಿ, ಆಮೇಲೆ ಹೊಲಗಾಲುವೆ. ನಕ್ಷೆಯ ಮೇಲೆ ಒಂದೊಂದು ಗೆರೆ ಎಳೆದಾಗಲೂ ಯಾರದೋ ಎಕರೆ, ಯಾರದೋ ಗುಂಟೆ ಹೋಯಿತು. ಜೋಳ, ತೊಗರಿ ಬೆಳೆಯುತ್ತಿದ್ದಲ್ಲಿ ಭತ್ತ ಬಂತು. ಭೂಮಿ ಕಳೆದುಕೊಂಡವರು ಪರಿಹಾರ ಸಾಲದೆಂದು ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಕೇಸುಗಳ ಮೇಲೆ ನಮ್ಮ ಭಾಗದ ಎಷ್ಟೋ ವಕೀಲರ ಮನೆ ನಡೆಯಿತು. ನನ್ನ ಮನೆಯೂ ನಡೆಯಿತು.

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ನಾನು ಕರಿ ಕೋಟು ಹಾಕಿಕೊಂಡು ನಿಂತಿದ್ದೇನೆ. ಈಗ ಹೇಳುವುದು ಯಾವ ಊರಿನ ಕೋರ್ಟಿನಲ್ಲಿ ನಡೆಯಿತು ಎಂದು ಬರೆಯುವುದಿಲ್ಲ. ಊರು ತಿಳಿದರೆ ಆ ಅವ್ವ ಯಾರೆಂದು ನಮ್ಮ ಮಂದಿಗೆ ಗೊತ್ತಾಗಿಬಿಡುತ್ತದೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಡಿಸ್ಟ್ರಿಬ್ಯೂಟರಿ ಆಕೆಯ ಹೊಲದ ನಟ್ಟನಡುವೆ ಹಾದು ಅದನ್ನು ಎರಡು ತುಂಡು ಮಾಡಿತ್ತು. ಆಚೆ ದಂಡೆಯ ತುಂಡಿಗೆ ಹೋಗಬೇಕಾದರೆ ದೂರದ ಸೇತುವೆ ಸುತ್ತಿಕೊಂಡು ಎತ್ತು ಹೊಡೆಯಬೇಕು. ತಾರೀಖಿಗೆ ಬಂದಾಗಲೆಲ್ಲ ಆಕೆ ರೊಕ್ಕದ ಮಾತು ಕೇಳುವುದಕ್ಕಿಂತ ಮೊದಲು ಅದನ್ನೇ ಕೇಳುತ್ತಿದ್ದಳು: "ಯಪ್ಪಾ, ಆ ದಂಡಿ ಹೊಲಕ್ಕ ದಾರಿ ಯಾವಾಗ ಕೊಡ್ತಾರ?" ದಾರಿ ಕೊಡಿಸುವುದು ನನ್ನ ಕೈಲಿರಲಿಲ್ಲ. ಪರಿಹಾರ ಹೆಚ್ಚಿಸುವ ಕೇಸು ನನ್ನ ಕೈಲಿತ್ತು.

ಅದು 1894ರ ಹಳೇ ಭೂಸ್ವಾಧೀನ ಕಾಯ್ದೆಯ ಕಾಲ. ಹದಿನೆಂಟನೇ ಕಲಮಿನ ಅರ್ಜಿ, ಅಧಿಕಾರಿಯಿಂದ ಸಿವಿಲ್ ಕೋರ್ಟಿಗೆ ರೆಫರೆನ್ಸು, ಸಾಕ್ಷಿ, ಪಕ್ಕದ ಹೊಲಗಳ ಖರೀದಿ ಪತ್ರ, ಬೆಳೆಯ ಇಳುವರಿ ಲೆಕ್ಕ. ಕೋರ್ಟು ಬೆಲೆ ಹೆಚ್ಚಿಸಿತು. ಸರ್ಕಾರ ಮೇಲ್ಮನವಿ ಹಾಕಿತು. ಮೊದಲು ಇಂಥದ್ದಕ್ಕೆಲ್ಲ ಬೆಂಗಳೂರಿಗೆ ಓಡಬೇಕಿತ್ತು. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದೇ ಖಾಯಂ ಆದ ಮೇಲೆ ನಮ್ಮ ಮಂದಿಗೆ ಅಷ್ಟರಮಟ್ಟಿಗೆ ಬಸ್ ಚಾರ್ಜು ಉಳಿಯಿತು. ಮೇಲ್ಮನವಿ ವಜಾ ಆಯಿತು. ಹಣ ವಸೂಲಿಗೆ ನಾನು ಅಮಲ್ಜಾರಿ ಅರ್ಜಿ ಹಾಕಿದೆ.

ಫೀಸಿನ ಮಾತು ಮೊದಲ ದಿನವೇ ಆಗಿತ್ತು. ಬಾಯಿಮಾತು. "ಈಗ ಏನೂ ಕೊಡಬ್ಯಾಡ ಅವ್ವ. ಬಂದದ್ದರಾಗ ಇಷ್ಟು ಪಾಲು ನಂದು." ನಮ್ಮ ಕಡೆ ಇದು ಎಷ್ಟು ಸಹಜವೆಂದರೆ, ಹಾಗೆ ಹೇಳದ ವಕೀಲನನ್ನೇ ಜನ ಅನುಮಾನದಿಂದ ನೋಡುತ್ತಾರೆ. ಬಡವರ ಹತ್ತಿರ ಮುಂಗಡ ಕೊಡಲು ರೊಕ್ಕ ಇರುವುದಿಲ್ಲ. ವಕೀಲನೇ ವರ್ಷಗಟ್ಟಲೆ ನಕಲು ಖರ್ಚು, ಟೈಪಿಂಗು, ಓಡಾಟ ಹಾಕಿಕೊಳ್ಳುತ್ತಾನೆ. ಆದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ ಇಪ್ಪತ್ತನೆಯದು ಸ್ಪಷ್ಟವಾಗಿದೆ: ಕೇಸಿನ ಫಲಿತಾಂಶಕ್ಕೆ ಕಟ್ಟುಬಿದ್ದ ಫೀಸು ನಿಗದಿ ಮಾಡಬಾರದು, ಬಂದ ಹಣದಲ್ಲಿ ಪಾಲಿಗೆ ಒಪ್ಪಬಾರದು. ಇಂಥ ಕರಾರು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಸನದು ಪಡೆಯುವಾಗ ಓದಿದ್ದೆ, ಆಮೇಲೆ ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ.

ಮೊದಲ ಕಂತು ಜಮೆಯಾದಾಗ ನನ್ನ ಪಾಲು ತೆಗೆದುಕೊಂಡೆ. ತಂಟೆ ಆಮೇಲೆ ಶುರುವಾಯಿತು. ಆಕೆಯ ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದವನು, ಅಮಾವಾಸ್ಯೆಗೆ ಊರಿಗೆ ಬಂದವನು ನೇರ ನನ್ನ ಆಫೀಸಿಗೆ ಬಂದ. ವಕೀಲರು ಬಹಳ ತಿಂದರು ಎಂದು ಯಾರೋ ಕಿವಿಯಲ್ಲಿ ಊದಿದ್ದರು. ಅವನು ದನಿ ಏರಿಸಿದ, ನಾನೂ ಏರಿಸಿದೆ. ಅವ್ವ ಮೂಲೆಯ ಬೆಂಚಿನ ಮೇಲೆ ಕೂತು, "ಜಗಳ ಬ್ಯಾಡ, ಏನಾರ ಒಂದು ರಾಜಿ ಮಾಡ್ಕೊಳ್ರಿ" ಎಂದಳು. ರಾಜಿಯ ಮಾತು ಬಂದದ್ದು ಆಕೆಯ ಬಾಯಿಂದಲೇ. ಮುಂದೆ ಕೋರ್ಟಿನಲ್ಲಿ ನಾನು ಇದನ್ನೂ ಹಿಡಿದುಕೊಂಡು ವಾದ ಮಾಡಿದೆ.

ಆಗ ನನಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದಿದ್ದ ಸಂಗತಿ ಇದು. ಹಳೇ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ 30ರಂತೆ ಸೊಲೇಷಿಯಂ, ಅಂದರೆ ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ, ಸೇರುತ್ತಿತ್ತು. ಹೆಚ್ಚಾದ ಮೊತ್ತಕ್ಕೆ ಸ್ವಾಧೀನದ ಮೊದಲ ವರ್ಷ ನೂರಕ್ಕೆ 9, ಆಮೇಲೆ ನೂರಕ್ಕೆ 15ರಂತೆ ಬಡ್ಡಿ. ಸೊಲೇಷಿಯಂ ಮೇಲೂ ಈ ಬಡ್ಡಿ ಕೊಡಬೇಕೋ ಬೇಡವೋ ಎಂಬ ಗೊಂದಲವನ್ನು 2001ರ ಸೆಪ್ಟೆಂಬರಿನಲ್ಲಿ ಸುಂದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರಿಸಿತು: ಕೊಡಬೇಕು. ಮಾತಿಗೆ ಹೆಚ್ಚಿದ ಬೆಲೆ 1,00,000 ರೂಪಾಯಿ ಎಂದಿಟ್ಟುಕೊಳ್ಳಿ. ಸೊಲೇಷಿಯಂ 30,000. ಹತ್ತು ವರ್ಷ ಎಳೆದರೆ ಬೆಲೆಯ ಮೇಲಿನ ಬಡ್ಡಿಯೇ 1,44,000, ಅಸಲನ್ನು ಮೀರಿದ್ದು. ಸೊಲೇಷಿಯಂ ಮೇಲಿನ ಬಡ್ಡಿ ಇನ್ನೊಂದು 43,200. ಹಳ್ಳಿಯ ಮಂದಿ ಬೆಲೆಯನ್ನಷ್ಟೇ ನೋಡುತ್ತಾರೆ. ರೊಕ್ಕ ಇರುವುದು ಬಡ್ಡಿಯಲ್ಲಿ.

ಮೊದಲ ಕಂತಿನಲ್ಲಿ ಬಡ್ಡಿಯ ಬಹುಪಾಲು ಬಂದಿರಲಿಲ್ಲ. ಅಮಲ್ಜಾರಿಯಲ್ಲಿ ನಾನೇ ಲೆಕ್ಕದ ತಖ್ತೆ ಹಾಕಿದ್ದೆ, ನನ್ನದೇ ಕೈಬರಹದ್ದು. ಎದುರುಪಕ್ಷದ ಸರ್ಕಾರಿ ವಕೀಲರು ಬಾಕಿ ಮೊತ್ತ ಜಮೆ ಮಾಡುತ್ತೇವೆಂದು ಮೆಮೊ ಕೊಟ್ಟಿದ್ದರು. ಆ ಮೆಮೊದ ಪ್ರತಿ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಮಗ ಕೂಗಾಡುತ್ತಿದ್ದಾಗ ನನ್ನ ಮೊಣಕೈ ಆ ಡ್ರಾಯರಿನ ಮೇಲೇ ಇತ್ತು.

ನಾನು ಹೇಳಿದ್ದಿಷ್ಟು: "ನಿಮ್ಮ ಸಮಾಧಾನಕ್ಕ ನಾ ನನ್ನ ಪರ್ಸೆಂಟೇಜ್ ಬಿಡ್ತೀನಿ. ಈಗ ತಗೊಂಡದ್ದರಾಗ ಇಷ್ಟು ವಾಪಸ್ ಕೊಡ್ತೀನಿ. ಇನ್ನ ಏನಾರ ಸಣ್ಣಪುಟ್ಟ ಬಡ್ಡಿ ಬಾಕಿ ಬಂದ್ರ ಅದು ನನ್ನ ಫೀಸು, ಖರ್ಚು ಎಲ್ಲಾದಕ್ಕೂ ಚುಕ್ತಾ." ಮಗನ ಸಿಟ್ಟು ಇಳಿಯಿತು, ನಗದು ಕಣ್ಣ ಮುಂದೆ ಇತ್ತಲ್ಲ. ಟೈಪ್ ಮಾಡಿಸಿದ ಕಾಗದಕ್ಕೆ ಅವನು ಸಹಿ ಮಾಡಿದ. ಅವ್ವನ ಎಡಗೈ ಹೆಬ್ಬೆರಳನ್ನು ನನ್ನ ಗುಮಾಸ್ತ ಸ್ಟ್ಯಾಂಪ್ ಪ್ಯಾಡಿನ ಮೇಲೆ ಒತ್ತಿದ. ಕಳೆ ತೆಗೆದೂ ತೆಗೆದೂ ಬೆರಳಿನ ಗೆರೆಗಳು ಸವೆದಿದ್ದವು. ಮೊದಲ ಸಲ ಗುರುತು ಸರಿ ಮೂಡಲಿಲ್ಲ, ಇನ್ನೊಮ್ಮೆ ಒತ್ತಿಸಿದೆವು. ಆ ಕಾಗದವನ್ನು ಕೋರ್ಟಿಗೆ ಕೊಟ್ಟು, ಮುಂದೆ ಜಮೆಯಾಗುವ ಮೊತ್ತ ವಕೀಲರ ಫೀಸಿನ ಬಾಬ್ತು ಎಂಬ ಹುಕುಂ ಮಾಡಿಸಿಕೊಂಡೆ. "ಸಣ್ಣಪುಟ್ಟ" ಎಂದೆನಲ್ಲ, ಜಮೆಯಾದಾಗ ಅದು ಮೊದಲ ಕಂತಿಗಿಂತ ದೊಡ್ಡದಿತ್ತು.

ಆ ದಿನಗಳಲ್ಲಿ ನನಗೆ ನಿದ್ದೆ ಕೆಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ನಿದ್ದೆ ಬಂತು. ಪರ್ಸೆಂಟೇಜ್ ಬಿಟ್ಟುಕೊಟ್ಟ ದೊಡ್ಡ ಮನುಷ್ಯ ನಾನು ಎಂಬ ಭಾವನೆಯೇ ಇತ್ತು. ಯಾರೂ ಕೇಳಲಿಲ್ಲ, ನಾನು ಸುಳ್ಳು ಹೇಳಲಿಲ್ಲ, ರಾಜಿ ಬೇಕೆಂದವರು ಅವರು.

ಗುಟ್ಟು ಬಯಲಾದದ್ದು ಮೊಮ್ಮಗಳಿಂದ. ಕಾಲೇಜು ಓದುತ್ತಿದ್ದ ಹುಡುಗಿ. ಯೋಜನಾ ನಿರಾಶ್ರಿತರ ಮೀಸಲಾತಿಯಲ್ಲಿ ನೌಕರಿಗೆ ಅರ್ಜಿ ಹಾಕಲು ಭೂಸ್ವಾಧೀನದ ಕಾಗದ ಬೇಕಿತ್ತು. ನಕಲು ವಿಭಾಗದಲ್ಲಿ ಅರ್ಜಿ ಹಾಕಿ ತೀರ್ಪಿನ ಜೊತೆ ಅಮಲ್ಜಾರಿಯ ಆರ್ಡರ್ ಶೀಟನ್ನೂ ತೆಗೆಸಿಕೊಂಡಳು, ಮನೆಗೆ ಹೋಗಿ ಒಂದೊಂದು ತಾರೀಖೂ ಓದಿದಳು. ಅವಳ ಮನೆಯಲ್ಲಿ ಆ ಕಾಗದಗಳನ್ನು ಓದಿದ ಮೊದಲನೆಯವಳು ಅವಳೇ. ಒಂದು ಸಂಜೆ ನನ್ನ ಆಫೀಸಿಗೆ ಬಂದು, ಕೂತುಕೋ ಎಂದರೂ ಕೂರದೆ, ಎರಡು ಹಾಳೆ ಪಕ್ಕಪಕ್ಕ ಇಟ್ಟಳು. "ಸರ್, ಜಮಾ ಮಾಡ್ತೀವಿ ಅಂತ ಮೆಮೊ ಕೊಟ್ಟಿದ್ದು ಈ ತಾರೀಖಿಗಿ. ರಾಜಿ ಆಗಿದ್ದು ಅದರ ನಂತರ ಅದ. ನಿಮಗ ಗೊತ್ತಿತ್ತಲ್ರಿ?"

ನಾನು ಅವಳಿಗೆ ಉತ್ತರ ಕೊಡಲಿಲ್ಲ, ಕಾನೂನು ಹೇಳಿದೆ. ಡಿಕ್ರಿ, ಸಮ್ಮತಿ, ಎಸ್ಟಾಪೆಲ್ಲು. ಇಂಗ್ಲಿಷು ಹೆಚ್ಚಾದಷ್ಟೂ ಅವಳ ಮುಖ ಗಟ್ಟಿಯಾಯಿತು. ಬೇರೆ ವಕೀಲರನ್ನು ಹಿಡಿಯುತ್ತೇವೆ, ಫೈಲು ಕೊಡಿ ಎಂದಳು. ಲೆಕ್ಕ ಚುಕ್ತಾ ಆಗುವವರೆಗೆ ಕೊಡುವುದಿಲ್ಲ ಎಂದೆ. ಫೀಸು ಬಾಕಿಗೆಂದು ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲನಿಗಿಲ್ಲ ಎಂದು ಸುಪ್ರೀಂ ಕೋರ್ಟು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ಹೇಳಿಯಾಗಿತ್ತು. ಅದೂ ನನಗೆ ಗೊತ್ತಿತ್ತು. ಈ ಇಡೀ ಪ್ರಸಂಗದಲ್ಲಿ ನೆನೆದರೆ ಈಗಲೂ ಮೈ ಬೆವರುವುದು ಆ ಸಂಜೆಗೇ. ಮುದುಕಿಯ ಮುಂದೆ ಬಾಯಿ ಮುಚ್ಚಿಕೊಂಡಿದ್ದವನು ಅವಳ ಮೊಮ್ಮಗಳ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದೆ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಹನ್ನೆರಡನೇ ಕಲಮಿನಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಆ ನೆರವಿನಿಂದ ಒಬ್ಬ ಕಿರಿಯ ವಕೀಲೆ ಅವರ ಪರವಾಗಿ ನಿಂತರು, ಫೀಸಿನ ರಾಜಿಯನ್ನೂ ಅದರ ಮೇಲಿನ ಹುಕುಮನ್ನೂ ರದ್ದು ಮಾಡಬೇಕೆಂದು ಅರ್ಜಿ ಹಾಕಿದರು. ನಾನು ಆಕ್ಷೇಪಣೆ ಬರೆದೆ. ಕರಾರು ಕಾಯ್ದೆಯ ಹತ್ತೊಂಬತ್ತನೇ ಕಲಮಿಗೆ ಒಂದು ಅಪವಾದವಿದೆ: ಮೌನದಿಂದಾದ ಮೋಸವಾದರೆ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಸತ್ಯ ತಿಳಿಯುವ ದಾರಿ ಎದುರಿನವರಿಗೆ ಇತ್ತು ಎಂದಾದರೆ, ಕರಾರನ್ನು ರದ್ದು ಮಾಡುವಂತಿಲ್ಲ. ಅದನ್ನು ಹಿಡಿದೆ. ಆರ್ಡರ್ ಶೀಟು ಬಚ್ಚಿಟ್ಟದ್ದಲ್ಲ, ನಕಲು ಕೇಳಿದ್ದರೆ ಸಿಗುತ್ತಿತ್ತು, ಮೊಮ್ಮಗಳಿಗೆ ಸಿಕ್ಕಿದ್ದೇ ಸಾಕ್ಷಿ ಎಂದೆ. ವಾದ ಚೆನ್ನಾಗಿದೆ ಎಂದು ಬಾರಿನಲ್ಲಿ ಇಬ್ಬರು ಮೂವರು ಹೇಳಿದರು ಕೂಡ.

ಆ ಹುಡುಗಿ ವಕೀಲೆ ಹೆಚ್ಚು ಮಾತಾಡಲಿಲ್ಲ. ಸಾಕ್ಷ್ಯ ಕಾಯ್ದೆಯ 111ನೇ ಕಲಮು ತೆಗೆದು ಅದರ ಕೆಳಗಿನ ಮೊದಲ ಉದಾಹರಣೆಯನ್ನು ಓದಿದರು. ಒಬ್ಬರು ಇನ್ನೊಬ್ಬರ ಮೇಲೆ ನಂಬಿಕೆಯಿಟ್ಟ ಸಂಬಂಧದಲ್ಲಿ, ನಂಬಿಸಿಕೊಂಡವನೇ ತನ್ನ ವ್ಯವಹಾರ ಶುದ್ಧವಾಗಿತ್ತೆಂದು ಸಾಬೀತು ಮಾಡಬೇಕು; ಕಾಯ್ದೆ ಅದಕ್ಕೆ ಕೊಡುವ ಉದಾಹರಣೆಯೇ ಕಕ್ಷಿದಾರ ಮತ್ತು ಅವನ ವಕೀಲ. ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 114ನೇ ಕಲಮು. ಆಮೇಲೆ ಚೆಂಗಲ್ವರಾಯ ನಾಯ್ಡು ಪ್ರಕರಣದ ತೀರ್ಪು ಕೊಟ್ಟರು. ಅದರಲ್ಲಿ ಪಾಲು ಕೇಳಿದವನು ತಾನೇ ಬರೆದುಕೊಟ್ಟಿದ್ದ ಬಿಡುಗಡೆ ಪತ್ರವನ್ನು ಕೋರ್ಟಿಗೆ ತೋರಿಸದೆ ಡಿಕ್ರಿ ಪಡೆದಿದ್ದ. ಮುಖ್ಯ ಕಾಗದ ಮುಚ್ಚಿಟ್ಟು ಪಡೆದದ್ದು ಕೋರ್ಟಿಗೆ ಮಾಡಿದ ಮೋಸ ಎಂದು ಸುಪ್ರೀಂ ಕೋರ್ಟು ಆ ಡಿಕ್ರಿಯನ್ನೇ ತಳ್ಳಿಹಾಕಿತು.

ನ್ಯಾಯಾಧೀಶರು ನನ್ನ ಕಡೆ ತಿರುಗಿ ಕೇಳಿದರು: "ರಾಜಿಯ ದಿನ ಎಷ್ಟು ಮೊತ್ತ ಬರಲಿದೆ ಅಂತ ನಿಮಗೆ ಗೊತ್ತಿತ್ತೆ?"

"ಗೊತ್ತಿತ್ತು."

"ಅವರಿಗೆ ಹೇಳಿದಿರಾ?"

ಕೋರ್ಟ್ ಹಾಲಿನಲ್ಲಿ ಫ್ಯಾನಿನ ಸದ್ದಿತ್ತು, ಹಿಂದೆ ಯಾರೋ ಕೆಮ್ಮಿದರು. ನನಗೆ ಮಾತು ಬರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅವ್ವ, ತನ್ನನ್ನೇ ಕೇಳಿದರೆಂದು ತಿಳಿದು, ಸೆರಗು ಸರಿ ಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು. "ಆತ ಸುಳ್ಳು ಹೇಳಿಲ್ರಿ ಸಾಹೇಬ್ರ. ಹೇಳಲೇ ಇಲ್ರಿ." ನನಗೆ ತೊಂದರೆಯಾಗಬಾರದೆಂದು ಆಕೆ ಆ ಮಾತಾಡಿದ್ದಳು. ಅರ್ಜಿ ಅಲ್ಲಿಗೇ ತೀರಿತು. ರಾಜಿ ರದ್ದಾಯಿತು. ಜಮೆಯಾದ ಮೊತ್ತ ಆಕೆಯ ಖಾತೆಗೆ ಹೋಗಬೇಕು, ವಕೀಲರಿಗೆ ಸಲ್ಲುವುದು ಡಿಕ್ರಿಯ ಖರ್ಚಿನ ಪಟ್ಟಿಯಲ್ಲಿ ಬರೆದಷ್ಟು ಎಂದಾಯಿತು.

ವಕೀಲರ ಕಾಯ್ದೆಯ 35ನೇ ಕಲಮಿನ ಪ್ರಕಾರ ಅವರು ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದಿತ್ತು. ಕೊಡಲಿಲ್ಲ. "ನಮಗ ಲೆಕ್ಕ ಬೇಕಿತ್ರಿ, ಅಷ್ಟ" ಎಂದಳಂತೆ ಮೊಮ್ಮಗಳು.

ಆಮೇಲೆ ತಿಂಗಳುಗಟ್ಟಲೆ ನಾನು ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಹತ್ತೊಂಬತ್ತನೇ ಕಲಮಿನ ಅಪವಾದ ಯಾಕೆ ನಿಲ್ಲಲಿಲ್ಲ ಎಂದು ಯೋಚಿಸಿದಾಗಲೆಲ್ಲ ಒಂದೇ ಕಡೆ ಬಂದು ನಿಲ್ಲುತ್ತಿದ್ದೆ. ಸತ್ಯ ತಿಳಿಯುವ ದಾರಿ ಆಕೆಗೆ ಇತ್ತು ಎಂದು ವಾದಿಸಿದೆನಲ್ಲ, ಓದುಬರಹ ಬಾರದ ಆಕೆಗೆ ಕೋರ್ಟಿನ ಕಾಗದ ಓದಿ ಹೇಳುವ ದಾರಿ ಯಾವುದು? ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ ದಿನ ಆಕೆ ಆ ಕೆಲಸಕ್ಕೆಂದೇ ನನ್ನನ್ನು ಇಟ್ಟುಕೊಂಡಿದ್ದಳು. ಆಕೆಯ ದಾರಿ ನಾನೇ ಆಗಿದ್ದೆ. ಎದುರುಪಕ್ಷದವನ ಮೌನ ಬೇರೆ. ಸಂತೆಯಲ್ಲಿ ಇಬ್ಬರು ಚೌಕಾಸಿ ಮಾಡುವಾಗ ಒಬ್ಬ ತನ್ನ ಗುಟ್ಟು ಇಟ್ಟುಕೊಂಡರೆ ಯಾರೂ ತಪ್ಪೆನ್ನುವುದಿಲ್ಲ. ಫೀಸಿನ ಮಾತಿಗೆ ಕೂತಾಗ ವಕೀಲ ಒಂದೇ ಸಲಕ್ಕೆ ಎರಡು ಕಡೆ ಕೂತಿರುತ್ತಾನೆ. ಆಗ ಅವನು ತನ್ನ ವಿರುದ್ಧದ ಲೆಕ್ಕವನ್ನೂ ತಾನೇ ಓದಿ ಹೇಳಬೇಕು.

ಇನ್ನೊಂದು ಸಂಗತಿ ತಡವಾಗಿ ಹೊಳೆಯಿತು. ರಾಜಿಯೆಂದರೆ ಇಬ್ಬರೂ ಏನಾದರೂ ಬಿಡಬೇಕು. ನಾನು ಬಿಟ್ಟದ್ದು ಪರ್ಸೆಂಟೇಜು. ಅದು ಮೊದಲೇ ನನ್ನದಲ್ಲ. 2017ರ ಡಿಸೆಂಬರಿನಲ್ಲಿ ಬಿ. ಸುನೀತಾ ಪ್ರಕರಣದ ತೀರ್ಪು ಬಂದಾಗ ಪತ್ರಿಕೆಯಲ್ಲಿ ಓದಿ ಬಹಳ ಹೊತ್ತು ಹಾಗೇ ಕೂತಿದ್ದೆ. ತೆಲಂಗಾಣದ ಹೆಣ್ಣುಮಗಳು, ಗಂಡ ಅಪಘಾತದಲ್ಲಿ ತೀರಿಕೊಂಡಿದ್ದ. ಪರಿಹಾರದ ಕೇಸು ನಡೆಸಿದ ವಕೀಲರಿಗೆ 10 ಲಕ್ಷ ಕೊಟ್ಟಾಗಿದೆ, ಇನ್ನೂ 3 ಲಕ್ಷದ ಚೆಕ್ಕಿಗೆ ಬಲವಂತದಿಂದ ಸಹಿ ಹಾಕಿಸಿಕೊಂಡರು ಎಂಬುದು ಆಕೆಯ ಅಳಲು. ಚೆಕ್ಕು ವಾಪಸಾಗಿ ವಕೀಲರು ಕೇಸು ಹಾಕಿದಾಗ, ಗೆದ್ದ ಹಣದಲ್ಲಿ ಶೇಕಡಾವಾರು ಫೀಸು ಕೇಳುವುದೇ ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಆ ಕೇಸನ್ನು ರದ್ದು ಮಾಡಿತು. ಹಾಗಾದರೆ ನಾನು ಇಲ್ಲದ ಹಕ್ಕನ್ನು ಬಿಟ್ಟುಕೊಟ್ಟು ಆಕೆಯ ಇದ್ದ ರೊಕ್ಕ ತೆಗೆದುಕೊಂಡಿದ್ದೆ. ಅದನ್ನೇ ಔದಾರ್ಯವೆಂದು ನಂಬಿ ನಿದ್ದೆ ಮಾಡಿದ್ದೆ.

ಪಾಲಿನ ಫೀಸೇ ಪಾಪವೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಅದು ಕಾನೂನುಬದ್ಧ. ಕೈಲಿ ಕಾಸಿಲ್ಲದವರಿಗೆ ವಕೀಲ ಸಿಗುವುದೇ ಎಷ್ಟೋ ಸಲ ಹಾಗೆ. ಆದರೆ ಅಲ್ಲಿನ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮದ ಪ್ರಕಾರ ಆ ಕರಾರು ಬರಹದಲ್ಲಿರಬೇಕು, ಕಕ್ಷಿದಾರರ ಸಹಿ ಇರಬೇಕು, ಕೇಸು ಮುಗಿದ ಮೇಲೆ ಎಷ್ಟು ಬಂತು, ಅವರಿಗೆ ಎಷ್ಟು ಸಲ್ಲುತ್ತದೆ, ಅದನ್ನು ಹೇಗೆ ಲೆಕ್ಕ ಹಾಕಿದೆ ಎಂದು ವಕೀಲ ಬರೆದುಕೊಡಬೇಕು. ನಮ್ಮಲ್ಲಿ ನಿಷೇಧವಿದೆ, ರೂಢಿ ಹಾಗೇ ಇದೆ. ನಿಷೇಧವಿರುವುದರಿಂದಲೇ ಯಾರೂ ಬರೆದಿಡುವುದಿಲ್ಲ. ಬರೆದಿಡದ್ದರಿಂದ ಯಾರೂ ಲೆಕ್ಕ ಕೇಳಲಾರರು. ಕಕ್ಷಿದಾರರ ಹಣದ ಲೆಕ್ಕ ಇಡಬೇಕು, ಹಣ ಬಂದ ಕೂಡಲೇ ತಿಳಿಸಬೇಕು, ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು ಎಂದು ನಮ್ಮ ವಕೀಲರ ಪರಿಷತ್ತಿನ ನಿಯಮಗಳಲ್ಲೂ ಇದೆ. ಕೇಳುವವರು ಮಾತ್ರ ಇಲ್ಲ. ಈ ಭಾಗದ ಹಳ್ಳಿಗಳಲ್ಲಿ ವಕೀಲನ ಲೆಕ್ಕ ಕೇಳುವುದೆಂದರೆ ಅವನ ಮರ್ಯಾದೆ ತೆಗೆದಂತೆ ಎಂದು ಜನ ಅಂಜುತ್ತಾರೆ. ಆ ಅಂಜಿಕೆಯಿಂದ ಲಾಭವಾಗುವುದು ನಮಗೇ, ಅದಕ್ಕೆ ನಾವು ಅದನ್ನು ಬಿಡಿಸುವುದಿಲ್ಲ.

ಈಗ ನಾನು ಮೊದಲೇ ಒಂದು ನಿಗದಿತ ಫೀಸು ಹೇಳುತ್ತೇನೆ, ಕಂತಿನಲ್ಲಿ ತೆಗೆದುಕೊಳ್ಳುತ್ತೇನೆ. ಹಣ ಜಮೆಯಾದಾಗ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತೇನೆ: ಬೆಲೆ, ಸೊಲೇಷಿಯಂ, ಬಡ್ಡಿ, ಬಂದದ್ದು, ಇನ್ನೂ ಬರಬೇಕಾದದ್ದು, ನನ್ನದು. ಗಟ್ಟಿಯಾಗಿ ಓದಿ ಹೇಳುತ್ತೇನೆ, ಮನೆಯಲ್ಲಿ ಓದಿದ ಮಕ್ಕಳಿದ್ದರೆ ಕರೆಸುತ್ತೇನೆ. "ನಿಮ್ಮ ಮ್ಯಾಲ ನಂಬಿಕಿ ಅದ, ಬಿಡ್ರಿ" ಎಂದು ಎದ್ದು ಹೋಗುವವರನ್ನು ಕೈ ಹಿಡಿದು ಕೂರಿಸುತ್ತೇನೆ. ಮುಂಗಡ ಕೇಳುತ್ತಾನೆಂದು ನನ್ನನ್ನು ಬಿಟ್ಟು ಪಾಲಿನ ವಕೀಲರ ಕಡೆ ಹೋದವರೂ ಇದ್ದಾರೆ. ಅವರನ್ನು ತಪ್ಪೆನ್ನಲಾರೆ, ಅವರ ಕೈಲಿ ರೊಕ್ಕವಿಲ್ಲ.

ಹೊಸ ಕೇಸುಗಳ ವಿಷಯ ಹೀಗಾದರೆ, ಹಳೆಯವು ಉಳಿದಿದ್ದವು. ಆ ಅವ್ವನೊಂದಿಗೆ ಮಾಡಿದ್ದನ್ನು ನಾನು ಬೇರೆಯವರೊಂದಿಗೂ ಮಾಡಿದ್ದೆ. ಅವರ ಮನೆಯಲ್ಲಿ ಆರ್ಡರ್ ಶೀಟು ಓದುವ ಮೊಮ್ಮಗಳು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮುಗಿದ ಕೇಸುಗಳ ಕಟ್ಟು ಬಿಚ್ಚಿ, ಎಲ್ಲೆಲ್ಲಿ ಬಾಕಿ ಬಡ್ಡಿಯನ್ನು ಹೇಳದೆ ಚುಕ್ತಾ ಬರೆಸಿಕೊಂಡಿದ್ದೆನೋ ಅವನ್ನು ಬೇರೆ ಇಟ್ಟು ಲೆಕ್ಕ ಹಾಕಿದೆ. ಕೆಲವರು ತೀರಿಹೋಗಿದ್ದಾರೆ. ಕೆಲವರ ಮಕ್ಕಳು ಗುಳೆ ಹೋಗಿ ಪುಣೆ, ಬೆಂಗಳೂರು ಸೇರಿ ಅಲ್ಲೇ ನಿಂತಿದ್ದಾರೆ. ಸಿಕ್ಕವರಿಗೆ ಹಾಳೆ ಕಳಿಸಿ, ರೊಕ್ಕ ಕಂತಿನಲ್ಲಿ ಕೊಡುತ್ತಿದ್ದೇನೆ. ಅದರ ಸಾಲ ನನ್ನ ಮನೆಯ ಮೇಲಿದೆ, ಮನೆಯವಳಿಗೂ ಮಕ್ಕಳಿಗೂ ಯಾಕೆಂದು ಹೇಳಿದ್ದೇನೆ.

ಹುಣಸಗಿ ಕಡೆಯ ಒಬ್ಬರ ಮಗ ಇತ್ತೀಚೆಗೆ ಪುಣೆಯಿಂದ ಫೋನ್ ಮಾಡಿದ್ದ. ಹಾಳೆ ತಲುಪಿದೆ ಎಂದ. ಹಣ ಎಷ್ಟು, ಯಾವಾಗ ಎಂದು ಕೇಳಲಿಲ್ಲ. "ನಮ್ಮಪ್ಪ ಕೊನೀಗಿ ದವಾಖಾನಿ ಖರ್ಚಿಗೆ ಎತ್ತು ಮಾರಿದ್ನ್ರಿ. ಆವಾಗ ಈ ರೊಕ್ಕ ನಿಮ್ಮ ಹತ್ರಾನೇ ಇತ್ತೇನ್ರಿ?" ಇತ್ತು ಎಂದೆ. ಅವನು ಬ್ಯಾಂಕ್ ಖಾತೆಯ ನಂಬರು ಹೇಳಿದ, ನಾನು ಬರೆದುಕೊಂಡೆ.